ಹತ್ತು ಮೀಟರ್ ದೂರದ ಸಿಪಾಯಿ

ಸೆತ್ತಿಮಿಯೊ ಕ್ರುಚಾನಿ ನಲವತ್ತು ವರ್ಷ ರೋಮನ್ ಸೈನ್ಯಕ್ಕೆ ಬಟ್ಟೆ ಹೊಲಿದ. ಸೈನ್ಯ ಸಿನಿಮಾದ್ದು, ಅದರ ಯುದ್ಧಗಳೆಲ್ಲ ಮಧ್ಯಾಹ್ನದ ಊಟದ ಗಂಟೆಗೆ ಮೊದಲೇ ಮುಗಿಯುತ್ತಿದ್ದವು. ರೋಮ್ ನಗರದ ಕ್ವಾದ್ರಾರೊ ಬಡಾವಣೆಯಲ್ಲಿ, ಸ್ಟುಡಿಯೋಗಳಿಗೆ ಉಡುಪು ಒದಗಿಸುವ ಒಂದು ಹೊಲಿಗೆಮನೆಯಲ್ಲಿ ಅವನು ಗುಂಡಿ ಹಚ್ಚುವ ಕೆಲಸಕ್ಕೆ ಸೇರಿದವನು, ಬಟ್ಟೆ ಕತ್ತರಿಸುವವನಾಗಿ, ಕೊನೆಗೆ ಹೆಡ್ ಮೇಸ್ತ್ರಿಯೂ ಆದ. ಮದುವೆಯಾದದ್ದೂ ಅಲ್ಲಿಯೇ. ಲೊರೆತಾ ಆ ಹೊಲಿಗೆಮನೆಯ ಹೆಣಿಗೆಯವಳು. ಹಳೆಯ ಸಿನಿಮಾಗಳಲ್ಲಿ ಸೈನಿಕರ ಮೈಮೇಲೆ ಮಿಂಚುವ ಸರಪಳಿ ಕವಚವನ್ನು ನೀವು ನೋಡಿರಬೇಕು. ಅವುಗಳಲ್ಲಿ ಎಷ್ಟೋ ಲೊರೆತಾ ದಪ್ಪ ಹುರಿಯಲ್ಲಿ ಹೆಣೆದು ಬೆಳ್ಳಿಬಣ್ಣ ಹೊಡೆದ ಸ್ವೆಟರುಗಳು. ಎರಡು ದಿನಕ್ಕೊಂದು ಹೆಣೆದು ಎಸೆಯುತ್ತಿದ್ದಳು.

ಆ ಮನೆಯಲ್ಲಿ ಇದ್ದದ್ದು ಒಂದೇ ಶಾಸ್ತ್ರ: 'ಹತ್ತು ಮೀಟರ್‌ಗೆ ಕಾಣಲ್ಲ'. ಹೊಲಿಗೆ ಸೊಟ್ಟಗಾಯಿತೇ, ಹತ್ತು ಮೀಟರ್‌ಗೆ ಕಾಣಲ್ಲ, ಬಿಡು. ಚಕ್ರವರ್ತಿಯ ಬೆನ್ನಿಗೆ ಜಿಪ್ಪು ಬಂತೇ, ಮೇಲೊಂದು ಶಾಲು ಹೊದಿಸು, ಕಾಣಲ್ಲ. ಒಳಗಿನ ಅಂಚನ್ನು ಯಾರೂ ಮುಗಿಸುತ್ತಿರಲಿಲ್ಲ. ಮುಂದಿನ ಸಿನಿಮಾಕ್ಕೆ ಬರುವ ನಟನ ಹೊಟ್ಟೆ ಎಷ್ಟಿರುತ್ತದೋ ಯಾರು ಬಲ್ಲರು ಎಂದು ಒಳಗೆ ನಾಲ್ಕು ಬೆರಳು ಬಟ್ಟೆ ಹೆಚ್ಚಿಗೆ ಬಿಡುವುದು ರೂಢಿ. ಎಲ್ಲ ಮುಗಿದ ಮೇಲೆ ಕತ್ತಿನ ಒಳಮೈಗೆ ಒಂದು ಬಿಳಿ ಪಟ್ಟಿ ಹಚ್ಚಿ ನಟನ ಹೆಸರು, ಪಾತ್ರದ ಸಂಖ್ಯೆ ಬರೆಯುವುದು. ನಟ ಬದಲಾದರೆ ಹೆಸರಿಗೆ ಗೀಟೆಳೆದು ಕೆಳಗೆ ಇನ್ನೊಂದು ಬರೆಯುವುದು. ಏಳು ಹೆಸರು ಹೊತ್ತ ನಿಲುವಂಗಿಗಳೂ ಅಲ್ಲಿದ್ದವು. ಪಟ್ಟಿ ಬೀಳುವ ತನಕ ಬಟ್ಟೆ ಮುಗಿದಂತಲ್ಲ. ಅದು ಸೆತ್ತಿಮಿಯೊನ ಕೈಗೆ ಎಷ್ಟು ಒಗ್ಗಿಹೋಗಿತ್ತೆಂದರೆ, ಮಗಳ ಮದುವೆಯ ಉಡುಪಿಗೂ 'ವಧು ೧' ಎಂದು ಬರೆದು ಹಚ್ಚಿ ಬೀಗರಿಂದ ಮಾತು ಕೇಳಿದ್ದ.

ಮಾಲೀಕನಿಗೆ ವಯಸ್ಸಾಗಿ ಹೊಲಿಗೆಮನೆ ಮುಚ್ಚಿತು. ಕೊನೆಯ ದಿನ ಸೆತ್ತಿಮಿಯೊ ತನ್ನ ಇಸ್ತ್ರಿಪೆಟ್ಟಿಗೆ, ಕತ್ತರಿ, ಯಾರಿಗೂ ಬೇಡವಾದ ಒಂದು ಪೆಟ್ಟಿಗೆ ಚರ್ಮದ ಮುಂಗೈ ಪಟ್ಟಿಗಳನ್ನು ಹೊತ್ತುಕೊಂಡು ಮನೆಗೆ ಬಂದ. ಆಮೇಲೆ ಮೂರು ತಿಂಗಳು ಮನೆಯ ಪರದೆಗಳನ್ನೆಲ್ಲ ಗಿಡ್ಡ ಮಾಡಿದ. ಪರದೆ ಮುಗಿದ ಮೇಲೆ ಲೊರೆತಾಳ ಹಿಂದೆ ಹಿಂದೆ ಸುತ್ತತೊಡಗಿದ.

"ಎಲ್ಲಾದ್ರೂ ಹೋಗು ಸೆತ್ತಿ," ಅಂದಳು ಅವಳು. "ಪಾರ್ಕಿಗೆ ಹೋಗು, ಇಸ್ಪೀಟಾಡು, ಯಾವಳನ್ನಾದ್ರೂ ಇಟ್ಕೋ. ನನ್ನ ಅಡುಗೆಮನೆ ಬಾಗಿಲಲ್ಲಿ ಮಾತ್ರ ನಿಲ್ಬೇಡ."

ಹೋಗಲು ಒಂದು ಜಾಗವನ್ನು ತೋರಿಸಿದವನು ಅಮಿಲ್ಕಾರೆ. ವಾರವೆಲ್ಲ ಟ್ರಾಮ್ ಓಡಿಸುವ ಅವನು ಭಾನುವಾರ ರೋಮನ್ ತುಕಡಿಯ ನಾಯಕ. ಕ್ವಾದ್ರಾರೊದ ಮೂವತ್ತು ಗಂಡಸರು, ಅವರಲ್ಲಿ ಎಲೆಕ್ಟ್ರಿಷಿಯನ್ನರಿದ್ದರು, ಔಷಧಿ ಅಂಗಡಿಯವನಿದ್ದ, ಚರ್ಚಿನ ಹಿಂದಿನ ಫುಟ್ಬಾಲ್ ಮೈದಾನದಲ್ಲಿ ಗುರಾಣಿ ಹಿಡಿದು ಕವಾಯತು ಮಾಡುತ್ತಿದ್ದರು. ಹಳೆಯ ರೋಮನ್ ದೇವರು ಜೂಪಿಟರನ ಹೆಸರನ್ನು ಪೂಜೆಯ ಹೊತ್ತಿನಲ್ಲಿ ಜೋರಾಗಿ ಕೂಗಕೂಡದು ಎಂಬ ಕರಾರಿನ ಮೇಲೆ ಪಾದ್ರಿಗಳು ಮೈದಾನ ಕೊಟ್ಟಿದ್ದರು. ಪ್ರತಿ ಏಪ್ರಿಲ್‌ನಲ್ಲಿ ರೋಮ್ ನಗರದ ಹುಟ್ಟುಹಬ್ಬ ಬರುತ್ತದಲ್ಲ, ಆಗ ಇಂಥ ತುಕಡಿಗಳೆಲ್ಲ ಕೊಲೊಸಿಯಂ ಎದುರಿನ ದೊಡ್ಡ ರಸ್ತೆಯಲ್ಲಿ ಸಾಲಾಗಿ ಹೋಗುತ್ತವೆ. ಆ ಮೆರವಣಿಗೆಗೆ ಹನ್ನೆರಡು ಅಂಗಿ ಬೇಕಿತ್ತು.

ಸೆತ್ತಿಮಿಯೊ ಮೂರೇ ದಿನದಲ್ಲಿ ಹನ್ನೆರಡನ್ನೂ ಹೊಲಿದು, ಇಸ್ತ್ರಿ ಮಾಡಿ, ಹೆಗಲ ಮೇಲೆ ಹಾಕಿಕೊಂಡು ಮೈದಾನಕ್ಕೆ ಹೋದ. ಇಂಥ ಕೆಲಸಗಾರನನ್ನು ಕಂಡು ಇವರೆಲ್ಲ ಬಾಯಿ ಬಾಯಿ ಬಿಡುತ್ತಾರೆಂದು ಅವನ ಎಣಿಕೆ. ಆದರೆ ಅಲ್ಲಿ ಸಿನ್ಯೋರಾ ತೆಕ್ಲಾ ಇದ್ದಳು.

ಸಿನ್ಯೋರಾ ತೆಕ್ಲಾ ಮೂವತ್ತೈದು ವರ್ಷ ಲ್ಯಾಟಿನ್ ಪಾಠ ಹೇಳಿ ನಿವೃತ್ತಳಾದವಳು. ಬೆಟ್ಟದ ಸೀಮೆಯಾದ ಉತ್ತರದವಳು, ಕುಳ್ಳಿ, ಕತ್ತಿನಲ್ಲಿ ಸರಕ್ಕೆ ಕಟ್ಟಿದ ಕನ್ನಡಕ. ತುಕಡಿಯ ಯಾವನೇ ಸಿಪಾಯಿಯ ಮೈಮೇಲೆ ಎರಡು ಸಾವಿರ ವರ್ಷದ ಹಿಂದೆ ಇಲ್ಲದ ವಸ್ತು ಕಂಡರೆ ಅವನನ್ನು ಸಾಲಿನಿಂದ ಕಿತ್ತುಹಾಕುವ ಅಧಿಕಾರ ಅವಳದು. ಅಮಿಲ್ಕಾರೆಯಂಥ ಆನೆಗಾತ್ರದ ನಾಯಕನೂ ಅವಳ ಮುಂದೆ ಹೋಮ್‌ವರ್ಕ್ ಮರೆತ ಹುಡುಗನ ಹಾಗೆ ನಿಲ್ಲುತ್ತಿದ್ದ. ಅವಳು ಒಂದು ಅಂಗಿ ತೆಗೆದುಕೊಂಡಳು. ಹೊರಮೈಯನ್ನು ಕಣ್ಣೆತ್ತಿಯೂ ನೋಡದೆ ನೇರವಾಗಿ ಒಳಮೈ ಹೊರಳಿಸಿದಳು.

"ಮೆಷಿನ್ ಹೊಲಿಗೆ," ಎಂದು ಎಲ್ಲರಿಗೂ ಕೇಳುವಂತೆ ಓದತೊಡಗಿದಳು. "ಓವರ್‌ಲಾಕ್. ಪಾಲಿಯೆಸ್ಟರ್ ದಾರ. ಒಳಗೆ ನಾಲ್ಕು ಬೆರಳು ಬಟ್ಟೆ ಜೋತಾಡ್ತಿದೆ. ಇದೇನಿದು, ಪಟ್ಟಿ? 'ಸೈನಿಕ ೪'. ಕ್ರುಚಾನಿ, ಇದು ಯಾವ ಶತಮಾನದ್ದು?"

"ಹತ್ತು ಮೀಟರ್‌ಗೆ ಅದೆಲ್ಲ ಕಾಣಲ್ಲ ಸಿನ್ಯೋರಾ," ಅಂದ ಸೆತ್ತಿಮಿಯೊ, ನಲವತ್ತು ವರ್ಷದ ಧೈರ್ಯದಿಂದ.

"ಹತ್ತು ಮೀಟರ್‌ನಿಂದ ನೋಡಿದ್ರೆ ನಾನೂ ಸುಂದರಿ," ಅಂದಳು ತೆಕ್ಲಾ. "ಹತ್ತಿರ ಬಂದ್ಮೇಲೆ ತಾನೆ ಎಲ್ಲರೂ ಓಡಿಹೋಗಿದ್ದು."

ಮೂವತ್ತು ಗಂಡಸರು ಗುರಾಣಿಯ ಹಿಂದೆ ಮುಖ ಮುಚ್ಚಿಕೊಂಡು ನಕ್ಕರು. ಸೆತ್ತಿಮಿಯೊ ಹನ್ನೆರಡು ಅಂಗಿಗಳನ್ನು ಮತ್ತೆ ಹೆಗಲಿಗೆ ಹಾಕಿಕೊಂಡು ಮನೆಗೆ ಬಂದ. ಬಂದವನು ಟೋಪಿಯನ್ನೂ ತೆಗೆಯದೆ ಕುರ್ಚಿಯಲ್ಲಿ ಕೂತ.

"ಯಾರು ಸತ್ರು?" ಅಂದಳು ಲೊರೆತಾ.

"ಓವರ್‌ಲಾಕ್," ಅಂದ.

ಅವನಿಗೆ ನಿಜಕ್ಕೂ ನೋವಾಗಿತ್ತು. ಬೈದದ್ದಕ್ಕಲ್ಲ. ನಿರ್ದೇಶಕರಿಂದ ಬೇಕಾದಷ್ಟು ಬೈಸಿಕೊಂಡವನು ಅವನು. ಆದರೆ ಅವನ ಹೊಲಿಗೆಯನ್ನು ಇಷ್ಟು ಹತ್ತಿರದಿಂದ ನೋಡಿದವರು ಇಷ್ಟು ವರ್ಷಗಳಲ್ಲಿ ಇವಳೊಬ್ಬಳೇ. ನೋಡಿದಾಗ ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲವಲ್ಲ, ಅದು ಅವನನ್ನು ಕೊರೆಯತೊಡಗಿತು. ಸೂಪ್ ತಣ್ಣಗಾದ ಮೇಲೆ ಹೆಂಡತಿಯ ಹತ್ತಿರ ಬಾಯಿಬಿಟ್ಟ.

"ಲೊರೆ, ಎಷ್ಟು ಜನಕ್ಕೆ ಬಟ್ಟೆ ತೊಡಿಸಿ ಬೆಳಕಿಗೆ ಕಳಿಸಿದೀವಿ ನಾವು? ಸಿನಿಮಾ ಮೊದಲ ದಿನ ಎಲ್ಲಿ ನಿಲ್ತಿದ್ವಿ? ಕೊನೇ ಸಾಲಿನ ಹಿಂದೆ, ಬಾಗಿಲ ಹತ್ತಿರ. ನನಗೊಂದ್ಸಲ ನಾನೇ ಮಾಡಿದ್ದನ್ನ ನಾನೇ ಹಾಕ್ಕೊಂಡು ಜನರ ಮುಂದೆ ನಡೀಬೇಕು. ಆ ಹೆಂಗಸು ಒಳಗೂ ಹೊರಗೂ ನೋಡಿ ಒಪ್ಕೊಂಡ ಮೇಲೆ."

ಲೊರೆತಾ ನಗಲು ಹೋಗಿ, ಅವನ ಮುಖ ನೋಡಿ, ನಗದೆ ಸೂಪನ್ನು ಮತ್ತೆ ಬಿಸಿಗಿಟ್ಟಳು.

ಹೀಗೆ ಸೆತ್ತಿಮಿಯೊ ತುಕಡಿಗೆ ಸೇರಿದ. ಸೇರುವ ಎಲ್ಲರೂ ಒಂದು ಲ್ಯಾಟಿನ್ ಹೆಸರಿಟ್ಟುಕೊಳ್ಳಬೇಕು. ಔಷಧಿ ಅಂಗಡಿಯವನು ತನಗೆ ಮೂರು ಮಾರುದ್ದದ ಹೆಸರಿಟ್ಟುಕೊಂಡಿದ್ದ. "ನಂಗೆ ಬೇಡ," ಅಂದ ಸೆತ್ತಿಮಿಯೊ. "ನಮ್ಮಪ್ಪನಿಗೆ ನಾನು ಏಳನೇ ಮಗು. ಹೆಸರು ಹುಡುಕಿ ಹುಡುಕಿ ಸಾಕಾಗಿ 'ಏಳನೆಯವನು' ಅಂತ್ಲೇ ಬರೆಸಿಬಿಟ್ಟ." ಸೆತ್ತಿಮಿಯೊ ಅಂದರೆ ಅದೇ ಅರ್ಥ. ಅದು ಸಾಚಾ ರೋಮನ್ ಹೆಸರು ಎಂದು ತೆಕ್ಲಾ ಒಪ್ಪಿಕೊಂಡಳು. ಆ ವರ್ಷ ಅವನಲ್ಲಿ ಅವಳು ಒಪ್ಪಿದ್ದು ಅದೊಂದನ್ನೇ.

ಏಪ್ರಿಲ್ ಬಂದಾಗ ತಪಾಸಣೆಯಲ್ಲಿ ಫೇಲಾದವರು ಸಾಮಾನಿನ ವ್ಯಾನು ಕಾಯಬೇಕೆಂಬುದು ನಿಯಮ. ತಪ್ಪು ಸಿಕ್ಕ ಮೇಲೆ ಅಲ್ಲೇ ತಿದ್ದಿಕೊಳ್ಳುತ್ತೇನೆ ಎನ್ನುವಂತಿಲ್ಲ. "ಪೇಪರ್ ಕೊಟ್ಟ ಮೇಲೆ ತಿದ್ದೋ ಹಾಗಿಲ್ಲ" ಎಂಬುದು ತೆಕ್ಲಾಳ ಕಾನೂನು. ಸೆತ್ತಿಮಿಯೊ ವ್ಯಾನಿನಲ್ಲಿ ಕೂತ. ಪಕ್ಕದಲ್ಲಿ, ಚಡ್ಡಿಯ ಎಲಾಸ್ಟಿಕ್ಕಿನಿಂದ ಸಿಕ್ಕಿಬಿದ್ದ ಔಷಧಿ ಅಂಗಡಿಯವನು. ಇಬ್ಬರೂ ಮುಖ ಹುಳ್ಳಗೆ ಮಾಡಿಕೊಂಡು, ದೂರದ ಕಹಳೆ ಕೇಳುತ್ತ, ಬ್ರೆಡ್ಡು ತಿಂದರು. ಅಲ್ಲಿಯೇ ಸೆತ್ತಿಮಿಯೊ ಮುಂದಿನ ಏಪ್ರಿಲ್‌ಗೆ ಶಪಥ ಮಾಡಿದ್ದು.

ಮೊದಲ ಏಟು ಬಿದ್ದದ್ದು ಕತ್ತರಿಗೆ. ರೋಮನ್ ಅಂಗಿಯನ್ನು ಕತ್ತರಿಸಿ ಹೊಲಿಯುತ್ತಿರಲಿಲ್ಲ, ಅಂಗಿಯ ಆಕಾರಕ್ಕೇ ಮಗ್ಗದಲ್ಲಿ ನೇಯುತ್ತಿದ್ದರು, ತಲೆ ತೂರಿಸುವ ಸೀಳನ್ನೂ ನೇಯುವಾಗಲೇ ಬಿಡುತ್ತಿದ್ದರು ಎಂದು ತೆಕ್ಲಾ ಚಿತ್ರಸಮೇತ ವಿವರಿಸಿದಳು.

"ಹಂಗಾದ್ರೆ ಟೈಲರ್ ಏನ್ಮಾಡ್ತಿದ್ದ?" ಅಂದ ಸೆತ್ತಿಮಿಯೊ.

"ಹರಿದದ್ದಕ್ಕೆ ತೇಪೆ ಹಾಕ್ತಿದ್ದ."

ನಲವತ್ತು ವರ್ಷದ ಹೆಡ್ ಮೇಸ್ತ್ರಿ ಆ ಮಾತನ್ನು ಹೊಟ್ಟೆಗೆ ಹಾಕಿಕೊಂಡು, ಊಟದ ಕೋಣೆಯ ಮೇಜನ್ನು ಬಾಲ್ಕನಿಗೆ ಸಾಗಿಸಿ, ಆ ಜಾಗದಲ್ಲಿ ಆಳೆತ್ತರದ ಮಗ್ಗ ನಿಲ್ಲಿಸಿದ. ಹಾಸಿನ ಎಳೆಗಳು ಬಿಗಿಯಾಗಿ ಇಳಿಬೀಳಲು ಕೆಳಗೆ ಭಾರ ಕಟ್ಟಬೇಕು. ಮಣ್ಣಿನ ಗುಂಡು ಸಿಗುವ ತನಕ ಇರಲಿ ಎಂದು ಲೊರೆತಾ ಆಗಸ್ಟ್‌ನಲ್ಲಿ ತುಂಬಿಟ್ಟಿದ್ದ ಟೊಮೆಟೊ ರಸದ ಬಾಟಲಿಗಳನ್ನು ಕಟ್ಟಿದ. ಹದಿನಾರು ಬಾಟಲಿ. ಮೂರನೆಯ ವಾರ ಎರಡು ಬಾಟಲಿಗಳು ಒಂದಕ್ಕೊಂದು ಬಡಿದುಕೊಂಡವು. ಬಿಳಿ ಉಣ್ಣೆಯ ಮೇಲೆ ಮೊಣಕಾಲಿನಿಂದ ಸೊಂಟದ ತನಕ ಟೊಮೆಟೊ ಹಾರಿತು.

ರೋಮನ್ ಸಿಪಾಯಿಯ ಅಂಗಿ ಕೆಂಪೋ ಬಿಳಿಯೋ ಎಂದು ತಿಳಿದವರು ಇವತ್ತಿಗೂ ಕಿತ್ತಾಡುತ್ತಾರೆ. ಸೆತ್ತಿಮಿಯೊ ಅಂದೇ ಕೆಂಪಿನ ಪಕ್ಷ ಸೇರಿದ. ಮಂಜಿಷ್ಠದ ಬೇರು ತರಿಸಿದ, ಮನೆಯ ದೊಡ್ಡ ಪಾತ್ರೆಯಲ್ಲಿ ಕುದಿಸಿದ, ಅಂಗಿಯನ್ನು ಅದ್ದಿದ. ಬಣ್ಣ ಕೂತದ್ದೇನೋ ಭೇಷಾಗಿಯೇ. ಆದರೆ ಮಾರನೆಯ ದಿನ ಗುರುವಾರ. ಗುರುವಾರ ಆ ಮನೆಯಲ್ಲಿ ನ್ಯೋಕ್ಕಿ, ಅಂದರೆ ಆಲೂಗಡ್ಡೆಯ ಪುಟ್ಟ ಕಡುಬು, ಆಗಬೇಕು, ಅದೇ ಪಾತ್ರೆಯಲ್ಲಿ ಬೇಯಬೇಕು. ತಟ್ಟೆಗೆ ಬಿದ್ದದ್ದು ಗುಲಾಬಿ ನ್ಯೋಕ್ಕಿ.

"ಇದು ನಮ್ಮಮ್ಮನ ಪಾತ್ರೆ," ಅಂದಳು ಲೊರೆತಾ. ದನಿ ಎತ್ತರಿಸಲಿಲ್ಲ. ದನಿ ಎತ್ತರಿಸದಿದ್ದಾಗಲೇ ಅವಳಿಗೆ ಹೆದರಬೇಕು. "ನನ್ನ ಮೇಜು ಬಾಲ್ಕನೀಲಿದೆ. ನನ್ನ ಟೊಮೆಟೊ ನಿನ್ನ ಅಂಗೀಲಿದೆ. ಕೇಳ್ಕೋ ಸೆತ್ತಿ, ನನ್ನ ಮೇಜು ವಾಪಸು ಬರೋ ತನಕ ನಿನ್ನ ಸಿಪಾಯಿ ವೇಷಾನ ನಾನು ಹತ್ತು ಮೀಟರ್ ಹತ್ರ ಬಂದು ನೋಡಲ್ಲ. ಊರವರು ನೋಡೋ ಹಾಗೇ ನೋಡ್ತೀನಿ."

"ವೇಷ ಅನ್ಬೇಡ."

"ವೇಷ," ಅಂದಳು ಲೊರೆತಾ.

ಚಳಿಗಾಲವೆಲ್ಲ ಕವಚ ನಡೆಯಿತು. ಕಬ್ಬಿಣದ ಪುಟ್ಟ ಉಂಗುರ ಬಿಡಿಸುವುದು, ನಾಲ್ಕು ಉಂಗುರಕ್ಕೆ ಸಿಕ್ಕಿಸುವುದು, ತುದಿ ಚಪ್ಪಟೆ ಮಾಡಿ ಸಾಸಿವೆಯಷ್ಟು ಮೊಳೆ ಹೊಡೆದು ಮುಚ್ಚುವುದು. ಆಮೇಲೆ ಇನ್ನೊಂದು. ಒಟ್ಟು ಇಪ್ಪತ್ತು ಸಾವಿರ. ಸೋಫಾದಲ್ಲಿ ಉಂಗುರ, ಹಾಸಿಗೆಯಲ್ಲಿ ಉಂಗುರ. ಒಮ್ಮೆ ಬೇಳೆಯ ಸೂಪಿನಲ್ಲಿ ಲೊರೆತಾಳ ಹಲ್ಲಿಗೂ ಸಿಕ್ಕಿತು. ಅವಳು ಅದನ್ನು ತೊಳೆದು ಅವನ ತಟ್ಟೆಯ ಅಂಚಿಗಿಟ್ಟಳು.

"ನಾನು ಎರಡು ದಿನದಲ್ಲಿ ಮಾಡ್ತಿದ್ದೆ ಇದನ್ನ," ಅಂದಳು.

"ಹುರೀಲಿ."

"ಹುರೀಲಿ ಮಾಡಿದ್ರೂ ಯಾವ ಸಿಪಾಯೀನೂ ಸತ್ತಿಲ್ಲ ನನ್ನ ಕೈಲಿ."

ಅಡುಗೆಮನೆಯಿಂದ ಅವನ ಸುತ್ತಿಗೆಯ ಟಕ್ ಟಕ್ ಕೇಳುತ್ತ ಕೇಳುತ್ತ ಅವಳಿಗೆ ಒಂದು ಸಂಗತಿ ಹೊಳೆಯದೆ ಇರಲಿಲ್ಲ. ಗಂಡ ಬಾಗಿಲಲ್ಲಿ ನಿಲ್ಲುವುದನ್ನು ಬಿಟ್ಟಿದ್ದ. ಊಟಕ್ಕೆ ಕರೆದರೆ "ಇನ್ನೊಂದು ಉಂಗುರ" ಅನ್ನುತ್ತಿದ್ದ. ಹೊಲಿಗೆಮನೆ ಮುಚ್ಚಿದ ಮೇಲೆ ಅವನು ಇಷ್ಟು ಗೆಲುವಾಗಿದ್ದದ್ದನ್ನು ಅವಳು ಕಂಡಿರಲಿಲ್ಲ. ಅದು ಅವಳಿಗೆ ಸಂತೋಷವೇ. ಹೇಳಲು ಮಾತ್ರ ಹೋಗಲಿಲ್ಲ.

ಲೊರೆತಾಳ ತಮ್ಮ ನಂದೊನ ಕಥೆಯೇ ಬೇರೆ. ಅವನು ಕೊಲೊಸಿಯಂ ಮುಂದೆ ಪ್ರವಾಸಿಗರ ಜೊತೆ ಫೋಟೋಕ್ಕೆ ನಿಲ್ಲುವ ಸೈನಿಕ. ಅಕ್ಕ ಹೆಣೆದ ಹುರಿಯ ಕವಚ, ಭಾವ ಹೊಲಿದ ಕೆಂಪು ಸ್ಯಾಟಿನ್ ಮೇಲಂಗಿ, ತಲೆಯ ಮೇಲೆ ಪ್ಲಾಸ್ಟಿಕ್ ಶಿರಸ್ತ್ರಾಣ. ಅದರ ತುರಾಯಿ ಒಂದು ಕಾಲದಲ್ಲಿ ಮೆಟ್ಟಿಲು ಗುಡಿಸುವ ಪೊರಕೆಯಾಗಿತ್ತು. ಮುಂಗೈಗಳಿಗೆ ಚರ್ಮದ ಪಟ್ಟಿ ಬೇರೆ. ತೆಕ್ಲಾಳ ತುಕಡಿಯವರು ನಂದೊನಂಥವರನ್ನು ಕಂಡರೆ ರಸ್ತೆ ದಾಟಿ ಹೋಗುತ್ತಿದ್ದರು. ಆ ಪೊರಕೆಯ ತುರಾಯಿ ತನ್ನ ಕೈಯದ್ದೆಂದು ಸೆತ್ತಿಮಿಯೊ ಮೈದಾನದಲ್ಲಿ ಯಾರಿಗೂ ಹೇಳಿರಲಿಲ್ಲ.

ಮುಂಗೈ ಪಟ್ಟಿಯ ವಿಷಯದಲ್ಲಿ ಅವನ ಎದೆ ಒಡೆದೇ ಹೋಗಿತ್ತು. ರೋಮನ್ ಸಿಪಾಯಿ ಅಂಥದ್ದನ್ನು ಕಟ್ಟುತ್ತಿದ್ದನೆಂದು ಒಂದು ಪುರಾವೆಯೂ ಇಲ್ಲ, ಅದು ಸಿನಿಮಾದವರ ಸೃಷ್ಟಿ ಎಂದಿದ್ದಳು ತೆಕ್ಲಾ. "ಹಂಗಾದ್ರೆ ಮುಂಗೈಗೆ ಏನು?" "ಏನೂ ಇಲ್ಲ." "ಏನೂ ಇಲ್ವಾ?" "ಕೂದಲು." ಸೆತ್ತಿಮಿಯೊ ತನ್ನ ಜೀವಮಾನದಲ್ಲಿ ಅಂಥ ಪಟ್ಟಿಗಳನ್ನು ಸಾವಿರಗಟ್ಟಲೆ ಮಾಡಿದ್ದ.

ಮೆರವಣಿಗೆಗೆ ಒಂದು ವಾರವಿದ್ದಾಗ, ಮೊಳೆ ಹೊಡೆದ ಮೆಟ್ಟುಗಳನ್ನು ಪಳಗಿಸಲೆಂದು ಅವನು ಎಲ್ಲವನ್ನೂ ತೊಟ್ಟು ಮೆಟ್ರೋ ಹತ್ತಿದ. ಕೊಲೊಸಿಯಂ ನಿಲ್ದಾಣದ ನುಣುಪು ನೆಲದ ಮೇಲೆ ಮೂರು ಹೆಜ್ಜೆ ಇಟ್ಟ. ನಾಲ್ಕನೆಯದಕ್ಕೆ ಅಂಗಾತ ಬಿದ್ದ. ಕವಚದ ಭಾರಕ್ಕೆ ಮಗುಚಿಕೊಳ್ಳಲೂ ಆಗಲಿಲ್ಲ. ನಂದೊ ಮತ್ತು ಅವನ ಇಬ್ಬರು ಗೆಳೆಯರು ಓಡಿಬಂದು ಎತ್ತಿ ಹೊರಗೆ ತಂದರು.

"ಭಾವ, ನಿಜವಾದ ಸಿಪಾಯಿಗಳೂ ಹಿಂಗೇ ಬೀಳ್ತಿದ್ರಾ?"

"ಹೂಂ. ಇದಕ್ಕೆ ಪುರಾವೆ ಇದೆ," ಅಂದ ಸೆತ್ತಿಮಿಯೊ, ಸೊಂಟ ಹಿಡಿದುಕೊಂಡು.

ಅಷ್ಟರಲ್ಲಿ ಒಂದು ಪ್ರವಾಸಿ ಕುಟುಂಬ ಬಂತು. ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿತು. ಒಬ್ಬನಿಗೆ ಕೆಂಪು ಸ್ಯಾಟಿನ್, ತುರಾಯಿ, ಮುಂಗೈ ಪಟ್ಟಿ; ಇನ್ನೊಬ್ಬನಿಗೆ ಒರಟು ಉಣ್ಣೆ, ಕಂದುಬಣ್ಣಕ್ಕೆ ತಿರುಗಿದ ಉಂಗುರಗಳು, ಬರಿಗೈ. ಅವರು ನಂದೊನ ತೋಳು ಹಿಡಿದು ನಿಂತು, ಕ್ಯಾಮೆರಾವನ್ನು ಸೆತ್ತಿಮಿಯೊನ ಕೈಗೆ ಕೊಟ್ಟರು. ಅವನು ಫೋಟೋ ತೆಗೆದುಕೊಟ್ಟ.

ಮೆರವಣಿಗೆಯ ದಿನ ಬೆಳಿಗ್ಗೆ ಮೈದಾನದ ಗೋಲುಕಂಬದ ಹತ್ತಿರ ತೆಕ್ಲಾ ಮೇಜು ಹಾಕಿಕೊಂಡು ಕೂತಳು. ಒಬ್ಬೊಬ್ಬರಾಗಿ ಕವಚ ಕಳಚಿ, ಅಂಗಿಯಲ್ಲಿ ಅವಳೆದುರು ನಿಂತರು. ಸೆತ್ತಿಮಿಯೊ ಬ್ರೆಡ್ಡು ಚೀಸಿನ ಗಂಟು ಮನೆಯಲ್ಲೇ ಮರೆತು ಬಂದಿದ್ದ. ಅದನ್ನು ಹಿಡಿದು ಲೊರೆತಾ ಬಂದಳು. ಆಡಿದ ಮಾತಿಗೆ ತಪ್ಪದೆ ಮೈದಾನದ ಆ ಬದಿಯಲ್ಲೇ, ಹತ್ತು ಮೀಟರ್ ದೂರದಲ್ಲಿ, ನಿಂತಳು.

ತೆಕ್ಲಾ ಮೊದಲು ಕವಚ ನೋಡಿದಳು. ಭೂತಗಾಜು ಹಿಡಿದು ಒಂದು, ಹತ್ತು, ಐವತ್ತು ಉಂಗುರ ನೋಡಿದಳು. ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದರೆ ಪಾಸು. ಮೆಟ್ಟು, ಪಾಸು. ಬೆಲ್ಟು, ಪಾಸು. ಚಡ್ಡಿ ಕೇಳಿದಳು, ನೂಲಿನದು, ದಾರ ಕಟ್ಟಿದ್ದು, ಪಾಸು. ಅಂಗಿಯ ಅಂಚು ಹೊರಳಿಸಿದಳು. ಒಳಮೈ ಹೊರಮೈಯಷ್ಟೇ ಶುದ್ಧವಾಗಿತ್ತು. ಅವಳು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು. ಕೊನೆಗೆ ಅವನ ಹಿಂದೆ ಹೋಗಿ ಕತ್ತಿನ ಅಂಚನ್ನು ಬೆರಳಿನಿಂದ ಮಗುಚಿದಳು.

ಅಲ್ಲಿ ಬಿಳಿ ಪಟ್ಟಿ ಇತ್ತು.

"'ಕ್ರುಚಾನಿ ಸೆ.'," ಎಂದು ತೆಕ್ಲಾ ಓದಿದಳು. "'ಸೈನಿಕ ೩. ತಣ್ಣೀರಿನಲ್ಲಿ ಒಗೆಯಿರಿ.'"

ಯಾವಾಗ ಹಚ್ಚಿದೆನೆಂದು ಸೆತ್ತಿಮಿಯೊನಿಗೇ ಗೊತ್ತಿರಲಿಲ್ಲ. ಅಂಗಿ ಮುಗಿದ ದಿನ ಟಿವಿ ನೋಡುತ್ತಿದ್ದ. ಅವನು ಟಿವಿ ನೋಡುತ್ತಿರುವಾಗ ಕೈಗಳು ತಮ್ಮ ಕೆಲಸ ಮಾಡಿ ಮುಗಿಸಿದ್ದವು. ಒಂದು ವರ್ಷ ಅವನು ಮೆಷಿನ್ನು ಮುಟ್ಟಿರಲಿಲ್ಲ, ಕತ್ತರಿ ಮುಟ್ಟಿರಲಿಲ್ಲ, ಊಟದ ಮೇಜಿಲ್ಲದೆ ಮೊಣಕಾಲ ಮೇಲೆ ತಟ್ಟೆ ಇಟ್ಟುಕೊಂಡು ಉಂಡಿದ್ದ. ಅಮಿಲ್ಕಾರೆ ಬೇರೆ ಕಡೆ ಮುಖ ತಿರುಗಿಸಿದ. ಸೆತ್ತಿಮಿಯೊನ ಕಣ್ಣಲ್ಲಿ ನೀರು ಬಂತು. ಅವನು ಯಾರನ್ನೂ ಬೇಡಿಕೊಳ್ಳದೆ ವ್ಯಾನಿನ ಕೀಲಿಕೈಗೆ ಕೈ ಚಾಚಿದ. ಚಾಚಿದವನು ಅಷ್ಟಕ್ಕೇ ನಿಂತ.

"ಸಿನ್ಯೋರಾ, ಒಂದು ಕೇಳ್ಲಾ? ಚಳಿಗಾಲದಲ್ಲಿ ನೀವೊಂದು ಶಿರಸ್ತ್ರಾಣದ ಫೋಟೋ ತೋರ್ಸಿದ್ರಿ. ಹಿಂದುಗಡೆ ಚುಕ್ಕೆ ಚುಕ್ಕೆಯಾಗಿ ಮೂರು ಹೆಸರು ಕೊರೆದಿತ್ತು."

"ಹೌದು. ಒಬ್ಬನಾದ ಮೇಲೆ ಒಬ್ಬ ಅದನ್ನ ಹಾಕ್ಕೊಂಡವರು. ಸಿಪಾಯಿಗಳು ತಮ್ಮ ಸಾಮಾನಿಗೆಲ್ಲ ಹೆಸರು ಹಾಕ್ತಿದ್ರು. ಅದಕ್ಕೇನೀಗ?"

"ಅದನ್ನ ನೋಡ್ದಾಗ ನನಗೆ ಅದು ನಮ್ಮ ಹೊಲಿಗೆಮನೆ ಸಾಮಾನು ಅನ್ನಿಸ್ತು. ನಾವೂ ಅಷ್ಟೇ ಮಾಡ್ತಿದ್ದಿದ್ದು. ಒಂದು ಹೆಸರು ಹೊಡೆದು ಇನ್ನೊಂದು ಬರೆಯೋದು. ಅವತ್ತೇ ನಿಮಗೆ ಹೇಳ್ಬೇಕು ಅಂತಿದ್ದೆ. ನಗ್ತೀರಾ ಅಂತ ಸುಮ್ಮನಾದೆ."

ತೆಕ್ಲಾ ಭೂತಗಾಜು ಹಿಡಿದು ಆ ಪಟ್ಟಿಯನ್ನು ಇನ್ನೊಮ್ಮೆ ಓದಿದಳು.

"ತಣ್ಣೀರಲ್ಲಿ ಒಗೀರಿ ಅಂತ ಅವರು ಬರೀತಿರಲಿಲ್ಲ, ಕ್ರುಚಾನಿ."

"ಉಣ್ಣೆ ಸಿನ್ಯೋರಾ. ಬಿಸಿನೀರಿಗೆ ಹಾಕಿದ್ರೆ ಅವರದ್ದೂ ಕುಗ್ಗಿರ್ಬೇಕು."

ಮೂವತ್ತೈದು ವರ್ಷ ತರಗತಿಯಲ್ಲಿ ನಗದವಳ ತುಟಿಯ ಒಂದು ಮೂಲೆ ಅಲ್ಲಾಡಿದ್ದನ್ನು ಅಮಿಲ್ಕಾರೆ ಕಣ್ಣಾರೆ ಕಂಡನಂತೆ. "ಹೆಸರು ಪಾಸು," ಅಂದಳು. "ಪಟ್ಟಿ ಫೇಲು, ಅದು ಮೆಷಿನ್ನಲ್ಲಿ ನೇಯ್ದ ಬಟ್ಟೆ. ನಾನಿನ್ನೂ ಸಹಿ ಹಾಕಿಲ್ಲ, ಅಂದ್ರೆ ಪೇಪರ್ ಇನ್ನೂ ನನ್ನ ಕೈಗೆ ಬಂದಿಲ್ಲ. ಕಾಲು ಗಂಟೆ ಕೊಡ್ತೀನಿ. ಪಟ್ಟಿ ಕಿತ್ತು ಅದೇ ಜಾಗದಲ್ಲಿ ಉಣ್ಣೇಲಿ ಹೆಸರು ಹೊಲೀಬೇಕು. ಕ್ರಮ ಗೊತ್ತಿರ್ಲಿ. ಯಾರ ತುಕಡಿಯವನೋ ಆ ನಾಯಕನ ಹೆಸರು ಮೊದಲು, ಸಿಪಾಯಿ ಹೆಸರು ಆಮೇಲೆ."

ಅಮಿಲ್ಕಾರೆ ಎದೆ ಸೆಟೆಸಿ ನಿಂತ. ಸೆತ್ತಿಮಿಯೊ ಬೆಲ್ಟಿನ ಚೀಲದಿಂದ ಮೂಳೆಯ ಸೂಜಿ ತೆಗೆದ. ದಾರ ಸೂಜಿಯ ಕಣ್ಣಿಗೆ ಹೋಗಲಿಲ್ಲ. ಎರಡು ಸಲ ತಪ್ಪಿತು, ಮೂರನೆಯ ಸಲ ಯಾರೋ ಅವನ ಕೈಯಿಂದ ಸೂಜಿ ಕಿತ್ತುಕೊಂಡರು.

"ತಿರುಗಿ ನಿಲ್ಲು," ಅಂದಳು ಲೊರೆತಾ.

"ಅಂಗಿ ತೆಗೀಲಾ?"

"ಬೇಡ, ಮೈಮೇಲೇ ಹೊಲೀತೀನಿ. ಅಲ್ಲಾಡ್ಬೇಡ, ಚುಚ್ಚುತ್ತೆ."

ನಟರು ಬೆಳಕಿಗೆ ಹೋಗುವ ಗಳಿಗೆಯಲ್ಲಿ ಹರಿದದ್ದನ್ನು ಮೈಮೇಲೇ ಹೊಲಿದುಕೊಡುವುದು ಅವಳಿಗೆ ಹೊಸದಲ್ಲ. ಹೊಲಿಸಿಕೊಳ್ಳುವವನ ಜಾಗದಲ್ಲಿ ನಿಲ್ಲುವುದು ಅವನಿಗೆ ಹೊಸತು. ಅವಳು ಪಟ್ಟಿ ಕಿತ್ತಳು. ಹೊಲಿಯುವ ಮೊದಲು, ಅಭ್ಯಾಸಬಲದಿಂದ, ಅಂಗಿಯ ಕೆಳಅಂಚನ್ನು ಮಗುಚಿ ನೋಡಿದಳು. ಬೆರಳು ಆಡಿಸಿದಳು.

"ಒಳಗೂ ಮುಗಿಸಿದೀಯಲ್ಲೋ ಸೆತ್ತಿ," ಅಂದಳು ಮೆಲ್ಲಗೆ.

ಬಿಳಿ ಉಣ್ಣೆಯಲ್ಲಿ ಹೊಲಿಗೆ ಓಡಿತು. ಕಾಲು ಗಂಟೆಗೆ ಇನ್ನೂ ಎರಡು ನಿಮಿಷವಿರುವಾಗಲೇ ಅವಳು ದಾರವನ್ನು ಹಲ್ಲಿನಿಂದ ಕಡಿದಳು.

"ನನ್ನ ಹೆಸರು ಉದ್ದ. ಜಾಗ ಸಾಕಾಯ್ತಾ ಸಿನ್ಯೋರಾ?" ಅಂದ ಅಮಿಲ್ಕಾರೆ.

"ಜಾಗ ಸರಿಹೋಯ್ತು," ಅಂದಳು ಲೊರೆತಾ.

ತೆಕ್ಲಾ ಬಂದು ಕತ್ತಿನ ಹಿಂದೆ ಓದಿದಳು. ಕನ್ನಡಕದ ಮೇಲಿಂದ ಲೊರೆತಾಳನ್ನು ನೋಡಿದಳು, ಅಮಿಲ್ಕಾರೆಯನ್ನು ನೋಡಿದಳು. ಲೊರೆತಾಳ ಕಿವಿಯಲ್ಲಿ ಎರಡು ಮಾತು ಹೇಳಿದಳು. ಬಟ್ಟೆಯನ್ನು ಸರಿಯಾಗಿ ಮೇಲೆಳೆದು, ಹೋಗಿ, ಸಹಿ ಹಾಕಿದಳು.

ಹೀಗೆ ಸೆತ್ತಿಮಿಯೊ ಕ್ರುಚಾನಿ ಮೂರನೆಯ ಸಾಲಿನ ಎಡತುದಿಯಲ್ಲಿ, ತಾನೇ ನೇಯ್ದದ್ದನ್ನು ತೊಟ್ಟು, ಹಗಲು ಬೆಳಕಿನಲ್ಲಿ, ಸಾವಿರಾರು ಜನರ ಮುಂದೆ ನಡೆದ. ಕಲ್ಲುಹಾಸಿನ ಮೇಲೆ ಮೆಟ್ಟಿನ ಮೊಳೆಗಳು ಸದ್ದು ಮಾಡಿದವು. ಅವನು ಬೀಳಲಿಲ್ಲ. ಹಗ್ಗದಾಚೆ ಜನರ ನಡುವೆ ಲೊರೆತಾ ನಿಂತಿದ್ದಳು. ಪಕ್ಕದಲ್ಲಿ ಪೊರಕೆಯ ತುರಾಯಿಯ ನಂದೊ, ಕೈ ನೋಯುವಷ್ಟು ಚಪ್ಪಾಳೆ ತಟ್ಟುತ್ತ. ಸಾಲು ಅವರೆದುರು ಬಂದಾಗ ಲೊರೆತಾ ಇಡೀ ರಸ್ತೆಗೆ ಕೇಳುವಂತೆ ಹೇಳಿದಳು: "ಏ ಸೆತ್ತಿ, ಇಲ್ಲಿಂದ ನೋಡಿದ್ರೆ ನೀನೂ ನನ್ನ ತಮ್ಮನೂ ಒಂದೇ ಥರ ಕಾಣ್ತೀರ."

ಸಾಲಿನಲ್ಲಿ ಮಾತಾಡುವಂತಿಲ್ಲ. ಮೂವತ್ತು ಗುರಾಣಿಗಳೂ ನಗು ತಡೆಯಲಾರದೆ ಅಲ್ಲಾಡಿದವು.

ಮಧ್ಯಾಹ್ನ ಮನೆಗೆ ಬಂದಾಗ ಊಟದ ಮೇಜು ತನ್ನ ಜಾಗದಲ್ಲಿತ್ತು. ನಂದೊನನ್ನು ಮುಂದಾಗಿ ಕಳಿಸಿ ಮಗ್ಗವನ್ನು ಬಾಲ್ಕನಿಗೆ ಹಾಕಿಸಿದ್ದಳು. ಸೆತ್ತಿಮಿಯೊ ಕವಚ ಇಳಿಸಿ, ಅಂಗಿ ಕಳಚಿ, ಬೆವರು ಒರೆಸಿಕೊಂಡ. ಆಮೇಲೆ ನೆನಪಾಗಿ ಅಂಗಿಯ ಕತ್ತನ್ನು ಕಿಟಕಿಯ ಬೆಳಕಿಗೆ ಹಿಡಿದ. ಪುಟ್ಟ ಬಿಳಿ ಅಕ್ಷರಗಳು, ಒಂದರಷ್ಟೇ ಇನ್ನೊಂದು.

'ಲೊರೆತಾಳ ತುಕಡಿ. ಸೆತ್ತಿಮಿಯೊ.'

ಅವನು ಎರಡು ಸಲ ಓದಿದ. ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಕೂತ.

"ಲೊರೆ, ಸಿನ್ಯೋರಾ ಇದನ್ನ ಓದಿದ್ರಲ್ಲ. ಏನಂದ್ರು?"

"ವ್ಯಾಕರಣ ಸರಿಯಾಗಿದೆ ಅಂದ್ರು," ಅಂದಳು ಲೊರೆತಾ ಅಡುಗೆಮನೆಯಿಂದ. "ಮೇಜಿನ ಮೇಲಿರೋ ಉಂಗುರ ತೆಗಿ, ಊಟ ಹಾಕ್ತೀನಿ."